ನೀರು ಮೈಮೇಲೆ, ಜಿಡ್ಡು ಶೀಷೆಯಲ್ಲಿ



ದೀಪಾವಳಿಯ ಹಣತೆಗಳನ್ನು ತೊಳೆದು ಎತ್ತಿಡುವ ಹೊತ್ತಿಗೆ ದೆಹಲಿಯ ನಮ್ಮ ಮನೆಗಳಲ್ಲಿ ಇನ್ನೊಂದು ಕೆಲಸ ಶುರುವಾಗುತ್ತದೆ. ಟ್ರಂಕಿನಿಂದ ರಜಾಯಿಗಳು ಹೊರಬರುತ್ತವೆ, ಸ್ವೆಟರುಗಳು ಬಿಸಿಲಿಗೆ ಬೀಳುತ್ತವೆ, ಶೀಷೆಯಲ್ಲಿದ್ದ ಕೊಬ್ಬರಿ ಎಣ್ಣೆ ಬೆಳ್ಳಗೆ ಗಟ್ಟಿಯಾಗಿ ಕುಳಿತುಬಿಡುತ್ತದೆ. ಇನ್ನು ನಮ್ಮ ಚರ್ಮ! ಕಾಲಿನ ಮೇಲೆ ಉಗುರಿನಿಂದ ಗೆರೆ ಎಳೆದರೆ ಸ್ಲೇಟಿನ ಮೇಲೆ ಬಳಪದಲ್ಲಿ ಬರೆದ ಹಾಗೆ ಮೂಡುತ್ತದೆ. ಸಂಘದ ಕಾರ್ಯಕ್ರಮದಲ್ಲಿ ಸ್ನೇಹಿತೆಯ ಕೈ ಹಿಡಿದರೆ ಉಪ್ಪುಕಾಗದ ಮುಟ್ಟಿದಂತಾಗುತ್ತದೆ. ಹಿಮ್ಮಡಿಯ ಬಿರುಕಿಗೆ ರೇಷ್ಮೆ ಸೀರೆಯ ಎಳೆ ಸಿಕ್ಕಿ ಕಿತ್ತುಹೋದದ್ದನ್ನು ಯಾರಿಗೆ ಹೇಳೋಣ?

ಆದ್ದರಿಂದ ಈ ಸಲದ ಅಂಕಣದಲ್ಲಿ ಒಣ ಚರ್ಮಕ್ಕೆ ಮನೆಯಲ್ಲೇ ಮಾಡಿಕೊಳ್ಳಬಹುದಾದ ಮುಲಾಮಿನ ವಿಷಯ. ಆದರೆ ವಿಧಾನ ಹೇಳುವ ಮೊದಲು ನಾನು ಮಾಡಿದ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕು. ಅದನ್ನು ಬಚ್ಚಿಟ್ಟು ವಿಧಾನ ಮಾತ್ರ ಬರೆದರೆ ನಿಮ್ಮಲ್ಲಿ ಯಾರಾದರೂ ಅದೇ ತಪ್ಪನ್ನು ಮಾಡಿಯಾರು.

ನಮ್ಮ ಅತ್ತೆಯವರು ಶಿರಸಿಯ ಕಡೆಯವರು. ಎಪ್ಪತ್ತು ದಾಟಿದ ವಯಸ್ಸು, ಜೊತೆಗೆ ಸಕ್ಕರೆ ಕಾಯಿಲೆ. ಕೆಲವು ವರ್ಷಗಳ ಹಿಂದೆ ಮೊದಲ ಬಾರಿಗೆ ದೆಹಲಿಯ ಚಳಿಗಾಲ ಕಳೆಯಲು ಬಂದರು. ಡಿಸೆಂಬರ್ ಮುಗಿಯುವ ಮೊದಲೇ ಅವರ ಕಾಲುಗಳು ಬೇಸಿಗೆಯಲ್ಲಿ ಕೆರೆಯ ತಳ ಸೀಳುವಂತೆ ಸೀಳತೊಡಗಿದವು. ರಾತ್ರಿಯೆಲ್ಲ ತುರಿಕೆ. ಬೆಳಿಗ್ಗೆ ಹಾಸಿಗೆಯ ಮೇಲೆ ರಕ್ತದ ಚಿಕ್ಕ ಕಲೆಗಳು. ಸೊಸೆಯಾದ ನನಗೆ ಕೈಕಟ್ಟಿ ಕೂರಲಾಗಲಿಲ್ಲ. ಕುಂಡದಲ್ಲಿದ್ದ ಲೋಳೆಸರದ ತಿರುಳು, ಗುಲಾಬಿ ನೀರು, ಬಾದಾಮಿ ಎಣ್ಣೆ, ಸ್ವಲ್ಪ ಜೇನುಮೇಣ ಎಲ್ಲವನ್ನೂ ಮಿಕ್ಸಿಗೆ ಹಾಕಿ ತಿರುಗಿಸಿದೆ. ಬೆಣ್ಣೆಯ ಹಾಗೆ ಬೆಳ್ಳಗೆ, ನುಣ್ಣಗೆ ಬಂತು. ನನಗೋ ಹೆಮ್ಮೆಯೋ ಹೆಮ್ಮೆ! ಪರಿಚಯದ ಇಬ್ಬರಿಗೆ ಚಿಕ್ಕ ಶೀಷೆಗಳಲ್ಲಿ ತುಂಬಿಸಿಯೂ ಕೊಟ್ಟೆ.

ಹತ್ತು ಹನ್ನೆರಡು ದಿನ ಕಳೆದಿರಬೇಕು. ಅತ್ತೆಯವರ ಮೊಣಕಾಲಿನ ಕೆಳಗೆ ಕೂದಲಿನ ಬುಡಗಳಲ್ಲಿ ಕೀವು ತುಂಬಿದ ಸಣ್ಣ ಗುಳ್ಳೆಗಳೆದ್ದವು. ಹಿಮ್ಮಡಿಯ ಒಂದು ಬಿರುಕು ಕೆಂಪಾಗಿ ಬಾತುಕೊಂಡಿತು. ಚರ್ಮವೈದ್ಯರು ನೋಡಿದವರೇ, ‘ಏನು ಹಚ್ಚುತ್ತಿದ್ದೀರಿ?’ ಎಂದು ಕೇಳಿದರು. ನಾನು ಉತ್ಸಾಹದಿಂದಲೇ ಹೇಳಿದೆ. ಶೀಷೆಯನ್ನು ತಂದು ತೋರಿಸಿ ಎಂದರು. ಮರುದಿನ ಒಯ್ದೆ. ಅವರು ಮುಚ್ಚಳ ತೆಗೆದು ಅದರ ಒಳಮೈಯನ್ನು ನನ್ನ ಕಡೆ ತಿರುಗಿಸಿದರು. ಅಂಚಿನಲ್ಲಿ ಬೂದು ಬಣ್ಣದ ಬೂಷ್ಟು ಹಿಡಿದಿತ್ತು. ‘ಇದು ಕಣ್ಣಿಗೆ ಕಾಣುವುದಕ್ಕೆ ಎಷ್ಟೋ ದಿನ ಮೊದಲೇ ಕಣ್ಣಿಗೆ ಕಾಣದ ಕ್ರಿಮಿಗಳು ಬೆಳೆದಿರುತ್ತವೆ. ಸಕ್ಕರೆ ಕಾಯಿಲೆಯವರ ಸೀಳಿದ ಕಾಲಿಗೆ ಇದನ್ನು ಹಚ್ಚುವುದೇ?’ ಎಂದರು. ಸೋಂಕು ಇದರಿಂದಲೇ ಬಂತೆಂದು ಅವರು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಗಾಯ ಮಾಯಲು ಮೂರು ವಾರ ಹಿಡಿಯಿತು. ಮನೆಗೆ ಬಂದವಳೇ ಆ ಇಬ್ಬರಿಗೂ ಫೋನ್ ಮಾಡಿ ಶೀಷೆಗಳನ್ನು ಎಸೆಯಲು ಹೇಳಿದೆ. ಆ ಫೋನ್ ಮಾಡುವಾಗ ಆದ ನಾಚಿಕೆ ಇನ್ನೂ ಮರೆತಿಲ್ಲ.

ಅಂದು ಕಲಿತದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ: ನೀರು ಮೈಮೇಲಿರಲಿ, ಜಿಡ್ಡು ಶೀಷೆಯಲ್ಲಿರಲಿ. ಇವೆರಡನ್ನೂ ಒಂದೇ ಶೀಷೆಗೆ ಹಾಕಿ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಯಾಕೆಂದು ಈಗ ನೋಡೋಣ.

ಮಂಜು ಕವಿದರೂ ಒಣಗುವುದೇಕೆ?

ಜನವರಿಯ ಬೆಳಗಿನಲ್ಲಿ ಎದುರಿನ ಮನೆಯೇ ಕಾಣದಷ್ಟು ಮಂಜು. ಗಾಳಿಯಲ್ಲಿ ಅಷ್ಟು ತೇವವಿದ್ದರೂ ಚರ್ಮ ಒಣಗುವುದೇಕೆ ಎಂದು ನನಗೂ ಆಶ್ಚರ್ಯವಾಗುತ್ತಿತ್ತು. ಕಾರಣ ಸರಳ. ತಣ್ಣನೆಯ ಗಾಳಿ ಚಿಕ್ಕ ಪಾತ್ರೆಯಿದ್ದ ಹಾಗೆ, ಬೆಚ್ಚನೆಯ ಗಾಳಿ ದೊಡ್ಡ ಪಾತ್ರೆಯಿದ್ದ ಹಾಗೆ. 5 ಡಿಗ್ರಿ ಸೆಲ್ಸಿಯಸ್‌ನ ಗಾಳಿ ಒಂದು ಘನ ಮೀಟರಿಗೆ ಹೆಚ್ಚೆಂದರೆ ಸುಮಾರು 7 ಗ್ರಾಂ ನೀರಿನ ಆವಿಯನ್ನು ಹಿಡಿಯುತ್ತದೆ. ಅದೇ ಗಾಳಿ 20 ಡಿಗ್ರಿಗೆ ಬೆಚ್ಚಗಾದರೆ ಸುಮಾರು 17 ಗ್ರಾಂ ಹಿಡಿಯಬಲ್ಲದು. ಅಂದರೆ, ಹೊರಗೆ ತುಂಬಿ ತುಳುಕುತ್ತಿದ್ದ ಗಾಳಿ ನಮ್ಮ ಕೋಣೆಗೆ ಬಂದು ಹೀಟರಿನ ಶಾಖಕ್ಕೆ ಬೆಚ್ಚಗಾದ ಕೂಡಲೇ ಅರ್ಧಕ್ಕಿಂತ ಹೆಚ್ಚು ಖಾಲಿಯಾದಂತಾಗುತ್ತದೆ. ಖಾಲಿ ಪಾತ್ರೆ ಸುಮ್ಮನಿರುತ್ತದೆಯೇ? ಸಿಕ್ಕ ಕಡೆಯಿಂದ ನೀರು ಸೆಳೆಯುತ್ತದೆ. ಒದ್ದೆ ಬಟ್ಟೆಯಿಂದ, ತುಟಿಯಿಂದ, ನಮ್ಮ ಮೈಯಿಂದ.

ಚರ್ಮದ ಹೊರಪದರ ಕೂದಲೆಳೆಗಿಂತ ತೆಳುವು. ಅದನ್ನು ಇಟ್ಟಿಗೆಯ ಗೋಡೆಗೆ ಹೋಲಿಸುವುದುಂಟು. ಸತ್ತ ಚಪ್ಪಟೆ ಜೀವಕೋಶಗಳು ಇಟ್ಟಿಗೆ. ಅವುಗಳ ನಡುವಿನ ಕೊಬ್ಬಿನ ಅಂಶಗಳು ಗಾರೆ. ಗಾರೆ ಗಟ್ಟಿಯಿದ್ದರೆ ಒಳಗಿನ ನೀರು ಒಳಗೇ ಉಳಿಯುತ್ತದೆ, ಹೊರಗಿನ ಕ್ರಿಮಿ ಹೊರಗೇ ಉಳಿಯುತ್ತದೆ. ವಯಸ್ಸಾಗುತ್ತ ಬಂದಂತೆ ಈ ಗಾರೆ ಕಡಿಮೆಯಾಗುತ್ತದೆ. ಅದರ ಮೇಲೆ ಕುದಿಯುವಂಥ ಬಿಸಿನೀರು ಸುರಿದು, ನೊರೆ ನೊರೆಯಾಗಿ ಸೋಪು ಉಜ್ಜಿದರೆ ಇದ್ದ ಗಾರೆಯೂ ತೊಳೆದು ಹೋಗುತ್ತದೆ. ಚರ್ಮ ಸ್ವಲ್ಪ ಆಮ್ಲೀಯ, ಸಾಮಾನ್ಯ ಸೋಪು ಕ್ಷಾರೀಯ. ಇವೆರಡಕ್ಕೂ ಸರಿಬರುವುದಿಲ್ಲ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತಿದ್ದಿಕೊಳ್ಳಬೇಕು. ಎಣ್ಣೆ ಚರ್ಮಕ್ಕೆ ನೀರು ಕೊಡುವುದಿಲ್ಲ. ಎಣ್ಣೆಯಲ್ಲಿ ನೀರೇ ಇಲ್ಲ, ಕೊಡುವುದೆಲ್ಲಿಂದ? ಎಣ್ಣೆ ಮಾಡುವ ಕೆಲಸವೆಂದರೆ ಇಟ್ಟಿಗೆಯ ಸಂದು ತುಂಬಿ, ಇರುವ ನೀರು ಆರಿಹೋಗದಂತೆ ತಡೆಯುವುದು. ಹಾಗಾದರೆ ಅದನ್ನು ಹಚ್ಚಬೇಕಾದ್ದು ಯಾವಾಗ? ಚರ್ಮದಲ್ಲಿ ನೀರು ಇರುವಾಗ. ಅಂದರೆ ಸ್ನಾನವಾದ ಕೂಡಲೇ, ಮೈ ಇನ್ನೂ ಪಸೆಯಾಗಿರುವಾಗ.

ಅಭ್ಯಂಜನವನ್ನು ತಿರುಗಿಸಿ

ನಮ್ಮ ಕಡೆ ಎಣ್ಣೆಸ್ನಾನ ಎಂದರೆ ಮೊದಲು ಎಣ್ಣೆ, ಆಮೇಲೆ ಸ್ನಾನ. ನರಕ ಚತುರ್ದಶಿಯ ಬೆಳಗ್ಗೆ ಮೈತುಂಬ ಎಣ್ಣೆ ಹಚ್ಚಿ ಕೂರಿಸಿ, ಆಮೇಲೆ ಸೀಗೆಪುಡಿ, ಕಡಲೆಹಿಟ್ಟು ಹಾಕಿ ಉಜ್ಜಿ ಉಜ್ಜಿ ಆ ಎಣ್ಣೆಯನ್ನೆಲ್ಲ ತೆಗೆಯುತ್ತಿದ್ದರು. ಮಲೆನಾಡಿನ, ಕರಾವಳಿಯ ತೇವದ ಗಾಳಿಗೆ ಅದು ಸರಿ. ದೆಹಲಿಯ ಜನವರಿಗೆ ಅದನ್ನು ಹಾಗೆಯೇ ತಂದರೆ ಹಚ್ಚಿದ್ದೂ ಹೋಯಿತು, ಮೈಯಲ್ಲಿದ್ದದ್ದೂ ಹೋಯಿತು ಎಂಬಂತಾಗುತ್ತದೆ. ಹಬ್ಬದ ದಿನ ಶಾಸ್ತ್ರದಂತೆ ನಡೆಯಲಿ, ಅಡ್ಡಿಯಿಲ್ಲ. ಉಳಿದ ದಿನ ಮೊದಲು ಸ್ನಾನ, ಆಮೇಲೆ ಎಣ್ಣೆ ಎಂದು ಕ್ರಮ ತಿರುಗಿಸಿ.

ಸ್ನಾನದ ನೀರು ಉಗುರುಬೆಚ್ಚಗಿರಲಿ. ಐದು ಹತ್ತು ನಿಮಿಷದಲ್ಲಿ ಮುಗಿಸಿ. ಸೋಪು ಕಂಕುಳು, ತೊಡೆಸಂದು, ಪಾದಗಳಿಗೆ ಸಾಕು. ಚಳಿಯಲ್ಲಿ ಬೆವರದ ಮೊಣಕಾಲಿಗೆ, ಬೆನ್ನಿಗೆ ನಿತ್ಯ ಸೋಪು ಬೇಕಿಲ್ಲ. ಟವೆಲಿನಿಂದ ಗಸಗಸ ಉಜ್ಜದೆ ಒತ್ತಿ ಒತ್ತಿ ನೀರು ತೆಗೆಯಿರಿ. ಮೂರು ನಿಮಿಷದೊಳಗೆ ಮುಲಾಮು ಹಚ್ಚಿ. ಇಷ್ಟನ್ನೇ ಮಾಡಿ, ಅಡುಗೆಮನೆಯ ಸೂರ್ಯಕಾಂತಿ ಎಣ್ಣೆಯನ್ನೇ ಹಚ್ಚಿಕೊಂಡರೂ ಒಂದೇ ವಾರದಲ್ಲಿ ವ್ಯತ್ಯಾಸ ಕಾಣುತ್ತದೆ.

ನೀರು ಬೆರೆತ ಕ್ರೀಮು ಮನೆಯಲ್ಲಿ ಏಕೆ ಬೇಡ?

ನೀರು ಮತ್ತು ಜಿಡ್ಡನ್ನು ಬೆರೆಸಿ ಹಚ್ಚುವುದು ಹೊಸ ಉಪಾಯವಲ್ಲ. ಕ್ರಿಸ್ತಶಕ 2ನೇ ಶತಮಾನದ ಗ್ರೀಕ್ ವೈದ್ಯ ಗ್ಯಾಲನ್ ಜೇನುಮೇಣ, ಆಲಿವ್ ಎಣ್ಣೆ ಮತ್ತು ಗುಲಾಬಿ ನೀರನ್ನು ಬೆರೆಸಿ ಲೇಪ ಮಾಡುತ್ತಿದ್ದನೆಂದು ಹೇಳುತ್ತಾರೆ. ಇಂದಿನ ಕೋಲ್ಡ್ ಕ್ರೀಮಿನ ಮೂಲ ಅದೇ. ಚಳಿಗಾಲದಲ್ಲಿ ಹಚ್ಚುವುದರಿಂದ ಅದಕ್ಕೆ ಆ ಹೆಸರು ಬಂತೆಂದು ನಾನು ಬಹಳ ಕಾಲ ತಿಳಿದಿದ್ದೆ. ಹಾಗಲ್ಲ. ಅದರಲ್ಲಿರುವ ನೀರು ಆರುವಾಗ ಚರ್ಮ ತಣ್ಣಗಾಗುತ್ತದೆ, ಅದಕ್ಕೇ ಕೋಲ್ಡ್. ನಮ್ಮ ಆಯುರ್ವೇದದಲ್ಲಿ ಶತಧೌತ ಘೃತವಿದೆ: ತುಪ್ಪವನ್ನು ತಾಮ್ರದ ಪಾತ್ರೆಯಲ್ಲಿ ನೀರು ಹಾಕಿ ತಿಕ್ಕಿ, ನೀರು ಬದಲಿಸಿ ಮತ್ತೆ ತಿಕ್ಕಿ, ಹೀಗೆ ನೂರು ಬಾರಿ ತೊಳೆದರೆ ತುಪ್ಪದ ಕಣಗಳ ನಡುವೆ ನೀರು ಸೇರಿ ಬೆಳ್ಳನೆಯ ನಯವಾದ ಲೇಪವಾಗುತ್ತದೆ.

ಉಪಾಯ ಒಳ್ಳೆಯದೇ. ತೊಡಕಿರುವುದು ಇಟ್ಟುಕೊಳ್ಳುವುದರಲ್ಲಿ. ನೀರಿದ್ದ ಕಡೆ ಕ್ರಿಮಿ ಬೆಳೆಯುತ್ತದೆ. ಕಾರ್ಖಾನೆಯವರು ಅದನ್ನು ತಡೆಯಲು ಅಳತೆ ಪ್ರಕಾರ ಸಂರಕ್ಷಕ ದ್ರವ್ಯ ಸೇರಿಸಿ, ಪರೀಕ್ಷೆ ಮಾಡಿ ತುಂಬುತ್ತಾರೆ. ನಮ್ಮ ಅಡುಗೆಮನೆಯಲ್ಲಿ ಆ ಅನುಕೂಲವಿಲ್ಲ. ‘ವಿಟಮಿನ್ ಇ ಕ್ಯಾಪ್ಸೂಲ್ ಒಡೆದು ಹಾಕಿದರೆ ಕೆಡುವುದಿಲ್ಲ’ ಎಂದು ಬಹಳ ಜನ ಹೇಳುತ್ತಾರೆ; ನಾನೂ ಹಾಕಿದ್ದೆ. ಅದು ಎಣ್ಣೆ ಕಮಟಾಗುವುದನ್ನು ಸ್ವಲ್ಪ ತಡಮಾಡೀತು, ಬೂಷ್ಟನ್ನಲ್ಲ. ಲೋಳೆಸರ, ಹಾಲಿನ ಕೆನೆ, ಸೌತೆಕಾಯಿ ರಸ ಇವನ್ನು ಹಚ್ಚಲೇಬೇಕೆಂದಿದ್ದರೆ ಆಗಿಂದಾಗ್ಗೆ ತೆಗೆದು ಹಚ್ಚಿ, ತೊಳೆದು, ಉಳಿದದ್ದನ್ನು ಚೆಲ್ಲಿಬಿಡಿ. ಒಡೆದ ಚರ್ಮಕ್ಕೆ ಅದೂ ಬೇಡ.

ನೀರಿಲ್ಲದ ಮುಲಾಮು ಹಾಗಲ್ಲ. ಬರೀ ಎಣ್ಣೆ, ಮೇಣ, ಗಟ್ಟಿ ಕೊಬ್ಬು ಇದ್ದಲ್ಲಿ ಕ್ರಿಮಿಗೆ ಬೆಳೆಯಲು ಆಸ್ಪದ ಕಡಿಮೆ. ಬೇಕಾದ ನೀರು ಸ್ನಾನದಿಂದ ಮೈಮೇಲೇ ಇರುತ್ತದೆ. ಎರಡೂ ಬೆರೆಯುವುದು ನಮ್ಮ ಅಂಗೈಯಲ್ಲಿ.

ಮುರುಗಲು ತುಪ್ಪದ ನೆನಪು

ಆ ಮೂರು ವಾರಗಳಲ್ಲಿ ಒಂದು ದಿನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದಾಗ ಅತ್ತೆಯವರು, ‘ಮುರುಗಲ ತುಪ್ಪ ಒಂಚೂರು ಇದ್ದಿದ್ರೆ ಆಗ್ತಿತ್ತು, ತಂಗೀ’ ಎಂದರು. ಅಷ್ಟು ದಿನ ಅವರು ಅದನ್ನು ಹೇಳಿರಲಿಲ್ಲ. ನಾನು ಕೇಳಿರಲೂ ಇಲ್ಲ.

ಉತ್ತರ ಕನ್ನಡದವರು ಮುರುಗಲು ಎನ್ನುವುದನ್ನೇ ದಕ್ಷಿಣ ಕನ್ನಡದವರು ಪುನರ್ಪುಳಿ ಎನ್ನುತ್ತಾರೆ, ಮಹಾರಾಷ್ಟ್ರದವರು ಕೋಕಂ ಎನ್ನುತ್ತಾರೆ. ಸಿಪ್ಪೆಯನ್ನು ಒಣಗಿಸಿ ಸಾರಿಗೆ, ಪಾನಕಕ್ಕೆ ಇಡುವುದು ನಿಮಗೆಲ್ಲ ಗೊತ್ತು. ಬೀಜವನ್ನೂ ಬಿಸಾಡುವುದಿಲ್ಲ. ಒಣಗಿಸಿ, ಒಡೆದು, ಒಳಗಿನ ತಿರುಳನ್ನು ಕುಟ್ಟಿ ನೀರಿನಲ್ಲಿ ಕುದಿಸಿದರೆ ಜಿಡ್ಡು ಮೇಲಕ್ಕೆ ತೇಲುತ್ತದೆ. ಅದನ್ನು ತೆಗೆದು ಆರಿಸಿ ಉಂಡೆ ಕಟ್ಟುತ್ತಾರೆ. ಅದೇ ಮುರುಗಲು ತುಪ್ಪ. ಹೆಸರು ತುಪ್ಪವಾದರೂ ಮೇಣದ ಹಾಗೆ ಗಟ್ಟಿ; ಕರಗಲು ಸುಮಾರು 40 ಡಿಗ್ರಿ ಶಾಖ ಬೇಕು. ಹಿಮ್ಮಡಿ ಒಡೆದವರು, ಗದ್ದೆ ತೋಟದಲ್ಲಿ ದುಡಿದು ಕೈ ಸೀಳಿದವರು ಇದನ್ನು ಬಿಸಿಮಾಡಿ ಬಿರುಕಿಗೆ ತುಂಬುವುದು ಆ ಕಡೆಯ ಹಳೆಯ ರೂಢಿ. ಮುಂಬಯಿ, ಪುಣೆಯ ಕೊಂಕಣ ಸಾಮಾನಿನ ಅಂಗಡಿಗಳಲ್ಲಿ ‘ಕೋಕಂ ತೇಲ್’ ಎಂದು ಕೇಳಿದರೆ ಸಿಗುತ್ತದೆ. ದೆಹಲಿಯವರು ಊರಿನಿಂದ ಬರುವವರಿಗೆ ಹೇಳಿ ತರಿಸಿಕೊಳ್ಳಬಹುದು. ಒಂದು ಉಂಡೆ ಎರಡು ಚಳಿಗಾಲಕ್ಕೆ ಸಾಕು.

ಮುಲಾಮು ಮಾಡುವ ವಿಧಾನ

ಬೇಕಾಗುವ ಸಾಮಾನು: ಜೇನುಮೇಣ 10 ಗ್ರಾಂ, ಮುರುಗಲು ತುಪ್ಪ 20 ಗ್ರಾಂ, ಸೂರ್ಯಕಾಂತಿ ಎಣ್ಣೆ ಅಥವಾ ಎಳ್ಳೆಣ್ಣೆ 50 ಗ್ರಾಂ, ಕೊಬ್ಬರಿ ಎಣ್ಣೆ 20 ಗ್ರಾಂ. ಒಟ್ಟು 100 ಗ್ರಾಂ. ಮುರುಗಲು ತುಪ್ಪ ಸಿಗದಿದ್ದರೆ ಜೇನುಮೇಣ 15, ಸೂರ್ಯಕಾಂತಿ ಎಣ್ಣೆ 60, ಕೊಬ್ಬರಿ ಎಣ್ಣೆ 25 ಗ್ರಾಂ ಮಾಡಿಕೊಳ್ಳಿ. ಜೇನುಮೇಣಕ್ಕೆ ಹಳೇ ದೆಹಲಿಯಲ್ಲಿ ಖಾರಿ ಬಾವ್ಲಿಯ ಪಕ್ಕದ ತಿಲಕ್ ಬಜಾರಿನಲ್ಲಿ ವಿಚಾರಿಸಿ. ಮೇಣದಬತ್ತಿಯ ಮೇಣ ತರಬೇಡಿ, ಅದು ಬೇರೆ.

ಮೊದಲು ಪಾತ್ರೆ, ಚಮಚ, ಅಗಲ ಬಾಯಿಯ ಗಾಜಿನ ಶೀಷೆ ಎಲ್ಲವನ್ನೂ ಬಿಸಿನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಒಂದು ಹನಿ ನೀರೂ ಉಳಿಯಬಾರದು. ಅಗಲವಾದ ಪಾತ್ರೆಯಲ್ಲಿ ನೀರು ಕಾಯಲಿಟ್ಟು ಅದರೊಳಗೆ ಚಿಕ್ಕ ಪಾತ್ರೆ ಇಡಿ. ನೇರ ಉರಿಯ ಮೇಲೆ ಎಣ್ಣೆ, ಮೇಣ ಕಾಯಿಸಬೇಡಿ, ಹೊತ್ತಿಕೊಳ್ಳುವ ಅಪಾಯವಿದೆ. ಚಿಕ್ಕ ಪಾತ್ರೆಯಲ್ಲಿ ಎರಡೂ ಎಣ್ಣೆ ಮತ್ತು ತುರಿದ ಜೇನುಮೇಣ ಹಾಕಿ. ಮೇಣ ಕರಗಲು 60 ಡಿಗ್ರಿಗೂ ಮಿಕ್ಕಿ ಶಾಖ ಬೇಕು, ಅವಸರ ಮಾಡಬೇಡಿ. ಅದು ಕರಗಿದ ಮೇಲೆ ಮುರುಗಲು ತುಪ್ಪ ಹಾಕಿ ಕದಡಿ. ಎಲ್ಲ ತಿಳಿಯಾದಾಗ ಕೆಳಗಿಳಿಸಿ, ಪಾತ್ರೆಯ ತಳವನ್ನು ತಣ್ಣೀರಿನಲ್ಲಿಟ್ಟು ಒಳಗೆ ನೀರು ಸಿಡಿಯದಂತೆ ಕದಡುತ್ತ ಬನ್ನಿ. ಮಂದವಾಗುತ್ತಿದ್ದಂತೆ ಶೀಷೆಗೆ ಸುರಿಯಿರಿ. ಕದಡದೆ ತಾನಾಗಿ ಆರಲು ಬಿಟ್ಟರೆ ಮುರುಗಲು ತುಪ್ಪ ರವೆ ರವೆಯಾಗುತ್ತದೆ. ಹಾಗಾದರೆ ಕೆಟ್ಟಿತೆಂದಲ್ಲ, ಮತ್ತೆ ಕರಗಿಸಿ ಬೇಗ ಆರಿಸಿದರಾಯಿತು. ಪೂರ್ತಿ ತಣ್ಣಗಾದ ಮೇಲೆ ಮುಚ್ಚಳ ಹಾಕಿ.

ಕೊಬ್ಬರಿ ಎಣ್ಣೆಯನ್ನೇ ಪೂರ್ತಿ ಏಕೆ ಹಾಕಬಾರದು ಎಂದು ಕೇಳುತ್ತೀರಿ. ಗುಣದಲ್ಲಿ ಅದು ಕಡಿಮೆಯಲ್ಲ. ಫಿಲಿಪ್ಪೀನ್ಸ್‌ನಲ್ಲಿ ಒಣ ಚರ್ಮದ 34 ಮಂದಿಗೆ ಎರಡು ವಾರ ಹಚ್ಚಿ ನೋಡಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೊಬ್ಬರಿ ಎಣ್ಣೆ ಖನಿಜ ಎಣ್ಣೆಯಷ್ಟೇ ಕೆಲಸ ಮಾಡಿತು. ಆದರೆ ಅದು ಸುಮಾರು 24 ಡಿಗ್ರಿಯ ಕೆಳಗೆ ಗಟ್ಟಿಯಾಗುತ್ತದೆ. ದೆಹಲಿಯ ಚಳಿಯಲ್ಲಿ ಪೂರ್ತಿ ಅದನ್ನೇ ಹಾಕಿದರೆ ಮುಲಾಮನ್ನು ಸುತ್ತಿಗೆಯಿಂದ ಒಡೆಯಬೇಕಾದೀತು! ಚೆನ್ನೈ, ಮುಂಬಯಿಯವರಿಗೆ ಆ ತೊಂದರೆಯಿಲ್ಲ. ಅವರು ಕೊಬ್ಬರಿ ಎಣ್ಣೆ ಹೆಚ್ಚಿಸಿಕೊಳ್ಳಬಹುದು. ಮುಲಾಮು ಮೆತ್ತಗಾಯಿತೆನಿಸಿದರೆ ಜೇನುಮೇಣ 5 ಗ್ರಾಂ ಹೆಚ್ಚು ಹಾಕಿ.

ಶೀಷೆಯೊಳಗೆ ಒದ್ದೆ ಬೆರಳು ಹಾಕಕೂಡದು. ಒಣ ಚಮಚದಲ್ಲಿ ತೆಗೆಯಿರಿ. ಮೂರು ತಿಂಗಳಿಗೆ ಸಾಕಾಗುವಷ್ಟೇ ಮಾಡಿ. ಕಮಟು ವಾಸನೆ ಬಂದರೆ ಎಸೆಯಿರಿ. ಮೊದಲ ಸಲ ಮೊಣಕೈ ಒಳಭಾಗಕ್ಕೆ ಸ್ವಲ್ಪ ಹಚ್ಚಿ ಎರಡು ದಿನ ನೋಡಿ. ಕೆಂಪಾದರೆ, ತುರಿಸಿದರೆ ಅದು ನಿಮಗೆ ಒಗ್ಗುವುದಿಲ್ಲ. ಸುವಾಸನೆಗೆಂದು ಅತ್ತರು, ಕರ್ಪೂರ, ನಿಂಬೆಯ ಎಣ್ಣೆ ಬೆರೆಸಬೇಡಿ. ಒಣ ಚರ್ಮಕ್ಕೆ ಮೊದಲು ಉರಿಯುವುದು ಸುವಾಸನೆಯೇ.

ಹಚ್ಚುವ ಕ್ರಮ

ಹೆಸರುಕಾಳಿನಷ್ಟು ತೆಗೆದು ಅಂಗೈಯಲ್ಲಿ ತಿಕ್ಕಿ ಕರಗಿಸಿ, ಪಸೆಯಾದ ಮೈಗೆ ಮೇಲಿನಿಂದ ಕೆಳಕ್ಕೆ ಸವರಿ. ಕೈಗೆ, ಮೊಣಕಾಲಿನ ಕೆಳಗೆ ಹೆಚ್ಚು ಗಮನ ಕೊಡಿ. ಅಲ್ಲಿ ಜಿಡ್ಡಿನ ಗ್ರಂಥಿಗಳು ಕಡಿಮೆ. ಅಂಗಾಲಿನಲ್ಲಂತೂ ಇಲ್ಲವೇ ಇಲ್ಲ. ಪಾತ್ರೆ ತೊಳೆದ ಮೇಲೂ ಕೈಗೆ ಹಚ್ಚಬೇಕು.

ಹಿಮ್ಮಡಿಗೆ ರಾತ್ರಿ ಹೊತ್ತು ಒಳ್ಳೆಯದು. ಹತ್ತು ನಿಮಿಷ ಉಗುರುಬೆಚ್ಚಗಿನ ನೀರಿನಲ್ಲಿ ಪಾದ ಇಟ್ಟು, ಒರೆಸಿ, ಮುಲಾಮು ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿ. ಸಕ್ಕರೆ ಕಾಯಿಲೆಯವರು ಮಾತ್ರ ಪಾದ ನೆನೆಹಾಕಬಾರದು. ನೀರಿನ ಬಿಸಿ ಅವರಿಗೆ ತಿಳಿಯದೆ ಸುಟ್ಟುಕೊಳ್ಳುವುದುಂಟು. ಅವರು ತೊಳೆದು, ಒರೆಸಿ, ಬೆರಳ ಸಂದಿ ಬಿಟ್ಟು ಉಳಿದ ಕಡೆ ಹಚ್ಚಲಿ. ಸಂದಿಯಲ್ಲಿ ಜಿಡ್ಡು ನಿಂತರೆ ಅಲ್ಲಿ ಶಿಲೀಂಧ್ರ ಬೆಳೆಯುತ್ತದೆ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಹಿರಿಯರಿಗೆ ಬಚ್ಚಲಮನೆಯಲ್ಲಿ ನಿಲ್ಲಿಸಿ ಅಂಗಾಲಿಗೆ ಎಣ್ಣೆ ಹಚ್ಚಬೇಡಿ. ಮಂಚದ ಮೇಲೆ ಕೂರಿಸಿ ಹಚ್ಚಿ, ಕಾಲುಚೀಲ ಹಾಕಿ, ಚಪ್ಪಲಿ ಕೊಟ್ಟು ಆಮೇಲೆ ಎಬ್ಬಿಸಿ. ಚರ್ಮದ ಬಿರುಕು ಮಾಯುತ್ತದೆ, ಜಾರಿ ಮುರಿದ ಸೊಂಟ ಅಷ್ಟು ಸುಲಭವಾಗಿ ಮಾಯುವುದಿಲ್ಲ. ಜಿಡ್ಡು ಹೀರಿದ ಬಟ್ಟೆಗೆ ಬೆಂಕಿ ಬೇಗ ಹತ್ತುತ್ತದೆ. ಆದ್ದರಿಂದ ಹೀಟರಿಗೂ ಒಲೆಗೂ ದೂರವಿರಿ, ಬಟ್ಟೆಗಳನ್ನು ಆಗಾಗ ಒಗೆಯಿರಿ.

ಗ್ಲಿಸರಿನ್, ನಿಂಬೆಹಣ್ಣು, ಸಾಸಿವೆ ಎಣ್ಣೆ

ಗ್ಲಿಸರಿನ್ ನೀರನ್ನು ಹಿಡಿದಿಡುವ ದ್ರವ. ಬಹಳ ಒಳ್ಳೆಯದು, ಅಗ್ಗವೂ ಹೌದು. ಆದರೆ ಒಣಹವೆಯಲ್ಲಿ ಬರೀ ಗ್ಲಿಸರಿನ್ ಹಚ್ಚಿದರೆ ಅದು ಚರ್ಮದ ಒಳಗಿನ ನೀರನ್ನೇ ಸೆಳೆಯಬಹುದು. ಒದ್ದೆ ಅಂಗೈಗೆ ಎರಡು ಮೂರು ಹನಿ ಹಾಕಿ ತಿಕ್ಕಿ ಹಚ್ಚಿ, ಅದರ ಮೇಲೆ ಮುಲಾಮು ಸವರಿ. ಗುಲಾಬಿ ನೀರು ಬೆರೆಸಿ ಶೀಷೆ ತುಂಬಿಡುವ ಗೋಜು ಬೇಡ. ಅದಕ್ಕೆ ನಿಂಬೆರಸ ಹಿಂಡುವ ಅಭ್ಯಾಸವಂತೂ ಖಂಡಿತ ಬಿಡಿ. ಸೀಳಿದ ಚರ್ಮಕ್ಕೆ ಉರಿ. ಮೇಲಾಗಿ ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂಥ ಗುಳ್ಳೆಗಳೆದ್ದು ತಿಂಗಳುಗಟ್ಟಲೆ ಕಪ್ಪು ಕಲೆ ಉಳಿಯುವುದುಂಟು. ಮೊಡವೆ ಏಳುವ ಮುಖಕ್ಕೆ ಮೇಲಿನ ಮುಲಾಮು ಬೇಡ, ಗ್ಲಿಸರಿನ್ ಸಾಕು.

ಇಲ್ಲಿನ ನೆರೆಯವರು ಎಳೆಯ ಮಕ್ಕಳಿಗೆ ಸಾಸಿವೆ ಎಣ್ಣೆ ತಿಕ್ಕಿ ಬಿಸಿಲಿನಲ್ಲಿ ಮಲಗಿಸುವುದನ್ನು ನೋಡಿರುತ್ತೀರಿ. ಪ್ರೀತಿಯಿಂದ ನಮಗೂ ಸಲಹೆ ಕೊಡುತ್ತಾರೆ. ಅವರ ಮನಸ್ಸು ನೋಯಿಸಬೇಡಿ, ಆದರೆ ಒಣ ಚರ್ಮದ ಮಗುವಿಗೆ ಅದನ್ನು ಹಚ್ಚಬೇಡಿ. ಇಲಿಗಳ ಮೇಲೆ ನಡೆಸಿ 2002ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಸಾಸಿವೆ ಎಣ್ಣೆ ಕೆಟ್ಟ ಚರ್ಮ ಸುಧಾರಿಸುವುದನ್ನು ತಡಮಾಡಿತು, ಸೂರ್ಯಕಾಂತಿ ಎಣ್ಣೆ ಬೇಗ ಸುಧಾರಿಸಲು ನೆರವಾಯಿತು. ಢಾಕಾದ ಆಸ್ಪತ್ರೆಯಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಶಿಶುಗಳಿಗೆ ಸೂರ್ಯಕಾಂತಿ ಎಣ್ಣೆ ಹಚ್ಚಿದಾಗ ಆಸ್ಪತ್ರೆಯ ಸೋಂಕುಗಳು ಕಡಿಮೆಯಾದವೆಂದು 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ವರದಿಯಾಗಿದೆ. ಬಡಾಯಿಯ ಆಲಿವ್ ಎಣ್ಣೆಯೂ ಒಣ ಚರ್ಮಕ್ಕೆ ಅಷ್ಟು ಹಿತವಲ್ಲ. ಅದು ಚರ್ಮದ ಗೋಡೆಯನ್ನು ಸಡಿಲ ಮಾಡುತ್ತದೆಂದು ಇಂಗ್ಲೆಂಡಿನ ಶೆಫೀಲ್ಡ್ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದರು. ಎಳೆಗೂಸಿಗೆ ಏನು ಹಚ್ಚುವುದಾದರೂ ಮಕ್ಕಳ ವೈದ್ಯರನ್ನು ಒಂದು ಮಾತು ಕೇಳಿ.

ಇಷ್ಟೆಲ್ಲ ಪಾಡು ಬೇಡ, ಸಮಯವಿಲ್ಲ ಎನ್ನುವವರು ಪೆಟ್ರೋಲಿಯಂ ಜೆಲ್ಲಿ ಕೊಳ್ಳಿ. 1872ರಲ್ಲಿ ಅಮೆರಿಕದ ರಾಬರ್ಟ್ ಚೀಸ್‌ಬ್ರೋ ವ್ಯಾಸಲೀನ್ ಹೆಸರಿನಲ್ಲಿ ಪೇಟೆಂಟ್ ಪಡೆದ ಆ ಪದಾರ್ಥ ನೀರು ಆರಿಹೋಗದಂತೆ ತಡೆಯುವುದರಲ್ಲಿ ನಮ್ಮ ಎಲ್ಲ ಎಣ್ಣೆಗಳಿಗಿಂತ ಮುಂದು. ಬೂಷ್ಟು ಹಿಡಿಯುವುದಿಲ್ಲ, ಕಮಟಾಗುವುದಿಲ್ಲ. ಮನೆಯಲ್ಲಿ ಮಾಡಿದ್ದೆಲ್ಲ ಒಳ್ಳೆಯದು, ಅಂಗಡಿಯದ್ದೆಲ್ಲ ಕೆಟ್ಟದ್ದು ಎಂಬ ಹಟ ನನಗೀಗ ಇಲ್ಲ.

ವೈದ್ಯರ ಬಳಿ ಯಾವಾಗ?

ಸಕ್ಕರೆ ಕಾಯಿಲೆಯವರ ಪಾದದಲ್ಲಿ ಬಿರುಕು ಆಳವಾಗಿದ್ದರೆ, ರಕ್ತ ಅಥವಾ ಕೀವು ಕಂಡರೆ ಒಂದು ದಿನವೂ ಕಾಯಬೇಡಿ. ಅವರಿಗೆ ನೋವು ಗೊತ್ತಾಗದೆ ಇರಬಹುದು. ಆದ್ದರಿಂದ ಪ್ರತಿದಿನ ಅಂಗಾಲನ್ನು ನೀವೇ ಬೆಳಕಿನಲ್ಲಿ ನೋಡಬೇಕು. ಎರಡು ವಾರ ಸರಿಯಾಗಿ ಹಚ್ಚಿದರೂ ತುರಿಕೆ ನಿಲ್ಲದಿದ್ದರೆ ಕಾರಣ ಒಳಗಿರಬಹುದು. ಥೈರಾಯ್ಡ್, ಮೂತ್ರಪಿಂಡ, ಯಕೃತ್ತಿನ ತೊಂದರೆಗಳೂ ತುರಿಕೆಯಾಗಿ ಕಾಣಿಸಿಕೊಳ್ಳುತ್ತವೆ. ರಾತ್ರಿ ಹೊತ್ತು ಮನೆಮಂದಿಗೆಲ್ಲ ತುರಿಕೆಯಿದ್ದರೆ ಅದು ಒಣ ಚರ್ಮವಲ್ಲ, ಕಜ್ಜಿ ಇರಬಹುದು. ಔಷಧಿ ಅಂಗಡಿಯವರು ಕೊಡುವ ‘ಬೇಗ ವಾಸಿಯಾಗುವ’ ಟ್ಯೂಬುಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಇರುತ್ತದೆ. ಅದನ್ನು ವೈದ್ಯರ ಚೀಟಿಯಿಲ್ಲದೆ ಹಚ್ಚುತ್ತ ಹೋದರೆ ಚರ್ಮ ಇನ್ನಷ್ಟು ತೆಳುವಾಗುತ್ತದೆ.

ಕೊನೆಗೆ ಅತ್ತೆಯವರ ಸುದ್ದಿ ಹೇಳಿ ಮುಗಿಸುತ್ತೇನೆ. ಗಾಯ ಪೂರ್ತಿ ಮಾಗಿದ ಮೇಲೆ ವೈದ್ಯರನ್ನು ಕೇಳಿಯೇ ಮುರುಗಲು ತುಪ್ಪದ ಮುಲಾಮು ಹಚ್ಚತೊಡಗಿದೆ. ಊರಿನಿಂದ ಬಂದ ಉಂಡೆಯನ್ನು ಅವರು ಮೊದಲು ಮೂಸಿ ನೋಡಿ, ‘ಇದು ಸಮಾ ಇದೆ’ ಎಂದರು. ಈಗ ಪ್ರತಿವರ್ಷ ನವೆಂಬರಿನಲ್ಲಿ ಅವರು ಬರುವಾಗ ಚೀಲದಲ್ಲಿ ಹಪ್ಪಳ, ಅಪ್ಪೆಮಿಡಿ ಉಪ್ಪಿನಕಾಯಿಯ ಜೊತೆ ಕಾಗದದಲ್ಲಿ ಸುತ್ತಿದ ಎರಡು ಉಂಡೆಗಳಿರುತ್ತವೆ. ಒಂದು ನಮಗೆ, ಇನ್ನೊಂದು ಅಂದು ನಾನು ಬೂಷ್ಟಿನ ಶೀಷೆ ಹಂಚಿದ ಆ ಇಬ್ಬರಿಗೆ. ರಾತ್ರಿ ಊಟವಾದ ಮೇಲೆ ಅವರ ಪಾದವನ್ನು ಮಡಿಲಲ್ಲಿಟ್ಟುಕೊಂಡು ಹಚ್ಚುವ ಹತ್ತು ನಿಮಿಷದಲ್ಲಿ ತೋಟದ ಕಥೆ, ತವರಿನ ಕಥೆ ಎಲ್ಲ ಬರುತ್ತದೆ. ಬಿರುಕು ಬಂದಿದೆಯೋ ಎಂದು ಅಂಗಾಲನ್ನು ನೋಡುವುದೂ ಆಗುತ್ತದೆ.

ನಿಮ್ಮ ಮನೆಯ ಹಿರಿಯರನ್ನೂ ಈ ಚಳಿಗಾಲದಲ್ಲಿ ಒಮ್ಮೆ ಕೇಳಿ ನೋಡಿ, ಅವರ ಊರಿನಲ್ಲಿ ಕಾಲೊಡೆದಾಗ ಏನು ಹಚ್ಚುತ್ತಿದ್ದರೆಂದು. ಉತ್ತರ ಬಂದರೆ ನಮ್ಮ ಪತ್ರಿಕೆಗೂ ಬರೆದು ತಿಳಿಸಿ. ಆದರೆ ಅದರಲ್ಲಿ ನೀರು ಸೇರಿದೆಯೇ ಇಲ್ಲವೇ ಎಂದು ಮೊದಲು ನೋಡಿಕೊಳ್ಳಿ!

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ.